ಮೆಥನಾಲ್ ಉಂಡು ಇನ್ಸುಲಿನ್ ನೀಡುವ ಯೀಸ್ಟ್

ಯೀಸ್ಟ್ ಎಂದೊಡನೆ ನೆನಪಾಗುವುದು ಬ್ರೆಡ್ ಹಾಗೂ ಮದ್ಯ ತಯಾರಿಕೆಯ ಸ್ಯಾಕರೊಮೈಸಿಸ್. ಅದನ್ನು ಬಿಟ್ಟು ಉದ್ಯಮದಲ್ಲಿ ಬಳಕೆಯಾಗುವ ಇತರ ಪ್ರಭೇದಗಳಿಗೆ ಅಸಾಂಪ್ರದಾಯಿಕ ಯೀಸ್ಟ್ ಎಂದು ಹೆಸರು. ಅಂಥದ್ದೊಂದು ಪಿಚಿಯಾ ಪಾಸ್ಟೋರಿಸ್. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಬಿಡುಗಡೆ ಮಾಡಿದ ಮಾನವ ಇನ್ಸುಲಿನ್ 'ಇನ್ಸುಜೆನ್' ತಯಾರಾದದ್ದು ಇದರಿಂದಲೇ.

ಈ ಯೀಸ್ಟ್ ಮೆಥನಾಲನ್ನೇ ಆಹಾರವಾಗಿಸಿಕೊಂಡು ಬೆಳೆಯಬಲ್ಲದು. 1970ರ ದಶಕದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ ಇದರಿಂದ ಪಶು ಆಹಾರದ ಪ್ರೋಟೀನ್ ತಯಾರಿಸಲು ಮುಂದಾಯಿತು. ತೈಲ ಬಿಕ್ಕಟ್ಟಿನಿಂದ ಮೆಥನಾಲ್ ದುಬಾರಿಯಾಗಿ ಆ ಯತ್ನ ಕೈಗೂಡಲಿಲ್ಲ. ಮುಂದೆ ಇದೇ ಯೀಸ್ಟ್ ಔಷಧ ತಯಾರಿಕೆಗೆ ಒದಗಿತು. ಇದರೊಳಗೆ ಸೇರಿಸಿದ ಇನ್ಸುಲಿನ್ ವಂಶವಾಹಿ ಮೆಥನಾಲ್ ಉಣಿಸಿದಾಗ ಚುರುಕಾಗುತ್ತದೆ; ಇನ್ಸುಲಿನ್‌ನ ಪೂರ್ವರೂಪ ಕೋಶದಿಂದ ಹೊರಕ್ಕೆ ಸ್ರವಿಸುವುದರಿಂದ ಶುದ್ಧೀಕರಣ ಸುಲಭ. ಹಿಂದೆ ಇನ್ಸುಲಿನ್‌ಗಾಗಿ ಹಂದಿ, ದನಗಳ ಮೇದೋಜೀರಕ ಗ್ರಂಥಿಯನ್ನೇ ನೆಚ್ಚಬೇಕಿತ್ತು.

ಆದರೆ ಇದು ಸಂಪೂರ್ಣ ಹಸಿರು ಉದ್ಯಮವೆನ್ನಲಾಗದು. ಮೆಥನಾಲ್ ವಿಷಕಾರಿ, ಬೇಗ ಹೊತ್ತಿಕೊಳ್ಳುವಂಥದ್ದು. ಹುದುಗುವಾಗ ಅಪಾರ ಆಮ್ಲಜನಕ ಬೇಕು; ಹೊಮ್ಮುವ ಶಾಖವನ್ನು ತಣಿಸಲು ವಿದ್ಯುತ್ತೂ ಬೇಕು. ಮೆಥನಾಲ್ ಬಹುಪಾಲು ಇಂದಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುತ್ತಿದೆ. ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕದಿಂದಲೂ ಅದನ್ನು ತಯಾರಿಸಬಹುದು. ಸೌರ, ಪವನ ವಿದ್ಯುತ್ತಿನ ನೆರವಿನಿಂದ ಆ ಮಾರ್ಗ ಅಗ್ಗವಾದಾಗ ಮಾತ್ರ ಈ ಯೀಸ್ಟ್‌ನ ಊಟವೂ ಸುಸ್ಥಿರವಾದೀತು.