ಮುಂದಿನ ಗಾಲಿಯ ಬ್ರೇಕು

ವೇಗದ ಚರಿತ್ರೆಯನ್ನು ಬರೆದವರು ಬಹಳ ಮಂದಿ. ನಿಲ್ಲಿಸುವ ವಿದ್ಯೆಯ ಚರಿತ್ರೆಯನ್ನು ಬರೆದವರು ವಿರಳ. ಗಂಜಾಮಿನ ನಿಮಿಷಾಂಬಾ ದೇವಾಲಯದ ಬಳಿ ನಿಲ್ಲುವ ವಾಹನಗಳ ನಡುವೆ ಒಮ್ಮೊಮ್ಮೆ ಹಳೆಯ ಜಾವಾ ಮೋಟಾರು ಸೈಕಲ್ಲೊಂದು ಕಾಣುವುದುಂಟು. ಅದರ ಎಂಜಿನ್ನಿನ ದನಿಯನ್ನೂ ಟ್ಯಾಂಕಿನ ಹೊಳಪನ್ನೂ ಮೆಚ್ಚದವರಿಲ್ಲ. ಮುಂದಿನ ಗಾಲಿಯ ನಡುವಣ ಡ್ರಮ್ಮಿನ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಸವಾರನ ಪ್ರಾಣವಿರುವುದು ಅಲ್ಲಿ.

ಜಾವಾ ಈ ಸೀಮೆಗೆ ಪರಕೀಯವಲ್ಲ. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದ ಈ ಜೆಕ್ ಹೆಸರು 1961ರಲ್ಲಿ ಮೈಸೂರಿನ ಯಾದವಗಿರಿಗೆ ಬಂದು ನೆಲೆಸಿತು. ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು 1973ರಿಂದ ಯೆಜ್ಡಿ ಎನಿಸಿಕೊಂಡವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೂ ಅದರ ಗಾಡಿಗಳು ಇನ್ನೂ ಓಡುತ್ತಿವೆ.

ಆ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಕೈಹಿಡಿ ಒತ್ತಿದರೆ ಕೇಬಲ್ಲು ಒಂದು ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಒಂದು ಶೂವನ್ನು ಗಾಲಿಯ ತಿರುಗಾಟವೇ ಒಳಗೆಳೆದುಕೊಂಡು ಬಿಗಿಯಾಗಿಸುತ್ತದೆ. ಇನ್ನೊಂದನ್ನು ಹಿಂದಕ್ಕೆ ನೂಕುತ್ತದೆ. ಎಂದರೆ ದುಡಿಯುವುದು ಮುಖ್ಯವಾಗಿ ಒಂದೇ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಹೊಣೆಯಲ್ಲಿ ಹೆಚ್ಚು ಪಾಲು ಮುಂದಿನ ಗಾಲಿಯದು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಆಕ್ಸಿಲರೇಟರು ಬಿಟ್ಟರೂ ಎಂಜಿನ್ನಿನ ತಡೆ ಅಲ್ಪ. ಎತ್ತಿನ ಗಾಡಿ, ಸೈಕಲ್ಲುಗಳ ಕಾಲದ ರಸ್ತೆಗೆ ಇಷ್ಟು ಸಾಕಾಗಿತ್ತು. ಆದರೆ ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ ಎಂಬುದನ್ನು ಮರೆಯಲಾಗದು.

ಈ ಕೊರತೆಗೆ ಕಂಡುಕೊಂಡ ಮೊದಲ ಪರಿಹಾರವೆಂದರೆ ಎರಡು ಕ್ಯಾಮುಗಳನ್ನಿಟ್ಟು ಎರಡು ಶೂಗಳನ್ನೂ ದುಡಿಸುವುದು. ಎರಡನೆಯದು ಡಿಸ್ಕ್ ಬ್ರೇಕು. 1969ರ ಹೋಂಡಾ ಸಿಬಿ 750 ಅದನ್ನು ಮುಂದಿನ ಗಾಲಿಗೆ ತಂದು ಜನಸಾಮಾನ್ಯರ ಕೈಗೆ ಮುಟ್ಟಿಸಿತು. ನಮ್ಮಲ್ಲಿ 1983ರಲ್ಲಿ ರಾಜದೂತ್ 350 ಬಂದಾಗ, ಅದರ ಯಮಹಾ ಮೂಲದಲ್ಲಿದ್ದ ಡಿಸ್ಕನ್ನು ಬೆಲೆಯ ದೃಷ್ಟಿಯಿಂದ ತೆಗೆದು ಎರಡು ಕ್ಯಾಮಿನ ಡ್ರಮ್ಮನ್ನು ಜೋಡಿಸಿದ್ದರು. ಎಂಜಿನ್ನಿನ ಚುರುಕಿಗೆ ಆ ಬ್ರೇಕು ಸಾಲದೆಂದು, ಬಿಟ್ಟುಹೋದ ಡಿಸ್ಕನ್ನು ಮತ್ತೆ ಕೂಡಿಸಿಕೊಂಡವರುಂಟು. 2018ರಲ್ಲಿ ಮರುಹುಟ್ಟು ಪಡೆದ ಜಾವಾ ಡಿಸ್ಕಿನೊಡನೆಯೇ ಬಂದಿತು.

ಹಾಗಾದರೆ ಹಳೆಯ ಜಾವಾಕ್ಕೂ ಡಿಸ್ಕು ಹಾಕಿಸಬೇಕೆ? ಕೆಲವರು ಒಂದು ಬೋಲ್ಟು ಬದಲಾದರೂ ಅಪಚಾರವೆನ್ನುತ್ತಾರೆ; ಕೆಲವರು ಮುಂಭಾಗವನ್ನೇ ಕಿತ್ತು ಹೊಸದನ್ನು ತೊಡಿಸುತ್ತಾರೆ. ಗ್ರಂಥಸಂಪಾದನೆಯ ಶಿಸ್ತು ಬಲ್ಲವರಿಗೆ ಈ ಜಗಳ ಹೊಸದಲ್ಲ. ಓಲೆಗರಿಯ ಪಾಠವನ್ನು ತಿದ್ದುವ ಮೊದಲು ಅದನ್ನು ಸರಿಯಾಗಿ ಓದಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲಿಯೂ ಹಾಗೆಯೆ. ಡ್ರಮ್ಮು ಅಂಡಾಕಾರಕ್ಕೆ ತಿರುಗಿದ್ದರೆ ಲೇತಿನಲ್ಲಿ ದುಂಡಗೆ ಮಾಡಿಸಬೇಕು. ಹೊಸ ಲೈನರು ಅಂಟಿಸಿ ಡ್ರಮ್ಮಿನ ಬಾಗಿಗೆ ಶೂ ಪೂರ್ತಿ ಕೂರುವಂತೆ ಮಾಡಬೇಕು. ಕೇಬಲ್ಲನ್ನು ಬದಲಿಸಿ, ಒತ್ತಿದಾಗ ಕ್ಯಾಮಿನ ತೋಳು ಅದಕ್ಕೆ ಲಂಬವಾಗಿರುವಂತೆ ನೋಡಿಕೊಳ್ಳಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ ಆ ಧೂಳನ್ನು ಊದಬಾರದು. ಇಷ್ಟಾದ ಮೇಲೂ ಸಾಲದಿದ್ದರೆ ಬದಲಿಸುವುದು ನ್ಯಾಯವೆ. ಆದರೆ ಡಿಸ್ಕನ್ನು ತಾಳಬಲ್ಲ ಫೋರ್ಕು, ಗಾಲಿಯ ನಡುಗುಂಬ ಎಲ್ಲವೂ ಒಟ್ಟಾಗಿ ಹೊಂದಬೇಕು. ಚೌಕಟ್ಟನ್ನು ಕೊಯ್ಯಬಾರದು, ತೆಗೆದ ಮೂಲಭಾಗಗಳನ್ನು ಗುಜರಿಗೆ ಹಾಕದೆ ಜೋಪಾನ ಮಾಡಬೇಕು. ಸಂಪಾದಕನು ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು ಇದೇ ನ್ಯಾಯದಿಂದ.

2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಜಾವಾದ ಸವಾರ ಈಗ ಪಕ್ಕದ ರಸ್ತೆಯಲ್ಲಿ, ಕಬ್ಬಿನ ಟ್ರಾಕ್ಟರು, ಬಸ್ಸು, ಕಾರು, ರಸ್ತೆ ದಾಟುವ ಮಕ್ಕಳ ನಡುವೆ ಸಾಗಬೇಕು. ಎದುರಿಗೆ ಓಡಿಬರುವ ಮಗುವಿಗೆ ಗಾಡಿ 1965ರದೋ ಇಂದಿನದೋ ಎಂಬ ಭೇದವಿಲ್ಲ. ಹಳೆಯದನ್ನು ಪ್ರೀತಿಸುವವನು ಮೊದಲು ಅದನ್ನು ನಿಲ್ಲಿಸಲು ಶಕ್ತನಾಗಿರಬೇಕು.