ಮಂಜರಾಬಾದಿಗೆ ಬಂದ ಬ್ರಿಟಿಷ್ ವಲಸಿಗರು: ಬಂಗಲೆ, ಸಾಲ ಮತ್ತು ಲೈನ್ ಮನೆ

ಬ್ರಿಟನ್ ಬಿಟ್ಟು ಬೇರೆ ದೇಶ ಸೇರಿದವರ ಗೋಳಿನ ಸುದ್ದಿ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತದೆ. ಹೋದ ಕಡೆ ಬಾಡಿಗೆ ದುಬಾರಿ, ಮನೆ ಸಿಗಲ್ಲ, ತಂದ ದುಡ್ಡು ಸಾಲಲ್ಲ. ಆಸ್ಟ್ರೇಲಿಯಾ, ಕೆನಡಾ, ಭಾರತದಂಥ ದೇಶಗಳಲ್ಲಿ ನೆಲೆಸಿದ ಬ್ರಿಟಿಷ್ ಪಿಂಚಣಿದಾರರಿಗಂತೂ ಅಲ್ಲಿನ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದೇ ಇಲ್ಲ, ಶುರುವಿನಲ್ಲಿ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ.

ಈ ಕಥೆಗೆ ನಮ್ಮಲ್ಲೇ ಒಂದು ಹಳೆಯ ಅಧ್ಯಾಯ ಇದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಗುಡ್ಡಗಳಿಂದ ಎಡಕುಮೇರಿಯ ಕಾಡಿನ ಅಂಚಿನವರೆಗೆ ಹರಡಿರುವ ಕಾಫಿ ಸೀಮೆಗೆ 19ನೇ ಶತಮಾನದಲ್ಲಿ ಬಂದ ಇಂಗ್ಲಿಷ್, ಸ್ಕಾಟಿಷ್ ಪ್ಲಾಂಟರುಗಳೂ ವಲಸಿಗರೇ. ಅವರಿಗೂ ಮನೆಯ ಕಷ್ಟ, ಖರ್ಚಿನ ಕಷ್ಟ ಇತ್ತು. ಆ ಕಷ್ಟವನ್ನು ಅವರು ಹೇಗೆ ದಾಟಿದರು, ಅದೇ ತೋಟಕ್ಕೆ ಕೂಲಿಗೆ ಬಂದವರು ಯಾಕೆ ಇವತ್ತಿಗೂ ದಾಟಿಲ್ಲ? ಇಲ್ಲಿ ಕೇಳುತ್ತಿರುವುದು ಇದನ್ನೇ.

ಯಾರು ಬಂದರು, ಯಾವಾಗ?

ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಇವತ್ತಿಗೂ ಅದೇ ಹೆಸರು. ಕಾಫಿ ಇಲ್ಲಿಗೆ ಬಿಳಿಯರ ಜೊತೆ ಬಂದದ್ದಲ್ಲ. ಬಾಬಾಬುಡನ್‌ಗಿರಿಯ ಸುತ್ತ ಅದು ಮೊದಲೇ ಇತ್ತು, ಊರಿನವರು ಹಿತ್ತಲಲ್ಲಿ, ಕಾಡಿನಂಚಿನಲ್ಲಿ ಬೆಳೀತಿದ್ದರು. ದೊಡ್ಡ ತೋಟ ಮಾಡಿ ಹಡಗಿಗೆ ಹಾಕುವ ಲೆಕ್ಕಾಚಾರ ಬಂದದ್ದು ಯುರೋಪಿಯನ್ನರಿಂದ. ಮಂಜರಾಬಾದಿನಲ್ಲಿ ಅಂಥ ಮೊದಲ ತೋಟ ತೆರೆದವನು ಫ್ರೆಡರಿಕ್ ಗ್ರೀನ್, 1843ರಲ್ಲಿ. 1856ರಲ್ಲಿ ರಾಬರ್ಟ್ ಎಚ್. ಎಲಿಯಟ್ ಎಂಬ ಸ್ಕಾಟಿಷ್ ಯುವಕ ಇಲ್ಲಿ ತೋಟ ಶುರು ಮಾಡಿದ. ಆಗಿನ ಪ್ಲಾಂಟರುಗಳ ಬದುಕಿನ ಬಗ್ಗೆ ಗೊತ್ತಿರುವ ಎಷ್ಟೋ ವಿಷಯ ಅವನು ಬರೆದ ಎರಡು ಪುಸ್ತಕಗಳಿಂದ ಬಂದದ್ದು. ಒಂದು 1871ರದು, ಇನ್ನೊಂದು 1894ರದು.

ಬಂದವರೆಲ್ಲ ಸಿರಿವಂತರು ಅಂದುಕೊಂಡರೆ ತಪ್ಪಾಗುತ್ತೆ. ಊರಲ್ಲಿ ದೊಡ್ಡ ಆಸ್ತಿ ಕೈಗೆ ಬಾರದ ಕಿರಿಯ ಮಕ್ಕಳು, ಸಾಲ ಎತ್ತಿ ಬಂದವರು, ಬೇರೆಯವರ ತೋಟದಲ್ಲಿ ಮ್ಯಾನೇಜರಾಗಿ ದುಡಿದವರು ಇಂಥ ತೋಟಗಳಲ್ಲಿ ಬೇಕಾದಷ್ಟಿದ್ದರು.

ಮನೆ ಹೇಗಿತ್ತು?

ಇವತ್ತು ಹೋಂಸ್ಟೇ ಜಾಹೀರಾತಿನಲ್ಲಿ ಕಾಣುವ ಹಳೆಯ ಬಂಗಲೆ ಮೊದಲ ದಿನವೇ ಎದ್ದು ನಿಂತಿದ್ದಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಗ್ರೀನ್, ಎಲಿಯಟ್ ಬಂದಾಗ ಮಂಗಳೂರು ಹೆಂಚು ಅನ್ನೋದೇ ಇರ್ಲಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಹೊದಿಕೆ, ಜೂನಿನಿಂದ ಹಿಡಿದ ಮಳೆ ಬಿಡುವವರೆಗೂ ಒಣಗದ ನೆಲ. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಅದರ ಮೇಲೆ ಮಲೇರಿಯಾ. ಸೊಳ್ಳೆಯಿಂದ ಅದು ಹರಡುತ್ತೆ ಅಂತ ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅಲ್ಲಿವರೆಗೆ ಕಾಡಿನ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣ ಅಂತ ನಂಬಿದ್ದರು. ಕ್ವಿನೈನ್ ನುಂಗೋದು, ಆಗದಿದ್ದರೆ ಊರು ಬಿಡೋದು.

ಖರ್ಚು ಎಲ್ಲಿ ಹೋಗುತ್ತಿತ್ತು?

ಕಾಫಿ ಗಿಡ ನೆಟ್ಟು ಮೊದಲ ಫಸಲು ಕಾಣೋಕೆ 3-4 ವರ್ಷ ಬೇಕು. ಅಲ್ಲಿವರೆಗೆ ಬರೀ ಹಾಕುವ ಕೆಲಸ. ಕಾಡು ಕಡಿಸಬೇಕು, ಗುಂಡಿ ತೆಗೆಸಬೇಕು, ಸಸಿ ಮಡಿ ಮಾಡಬೇಕು, ವಾರ ವಾರ ಕೂಲಿ ಬಟವಾಡೆ ಮಾಡಬೇಕು. ಮೇಸ್ತ್ರಿಗಳ ಕೈಗೆ ಮುಂಗಡ ಕೊಟ್ಟು ಆಳು ತರಿಸಬೇಕು. ಸಾಲ ತಂದವನಿಗೆ ಬಡ್ಡಿ ಬೇರೆ ಓಡುತ್ತಿರುತ್ತೆ.

ಇನ್ನೊಂದು ದೊಡ್ಡ ಖರ್ಚು ದಾರಿ. ಕಾಫಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರಬೇಕು, ಅಲ್ಲಿಂದ ಹಡಗು. ಬೇಕಾದ ಸಾಮಾನು ಅದೇ ಘಟ್ಟ ಹತ್ತಿ ಬರಬೇಕು. ಎಲ್ಲಾ ಎತ್ತಿನ ಬೆನ್ನ ಮೇಲೆ, ಆಮೇಲೆ ರಸ್ತೆ ಆದಂತೆ ಗಾಡಿಯಲ್ಲಿ.

ಈ ಗುಡ್ಡಗಳಲ್ಲಿ ದಾರಿಯ ಬೆಲೆ ಏನು ಅಂತ ತಿಳಿಯೋಕೆ ಎಡಕುಮೇರಿಯನ್ನೇ ನೋಡಿ. ಹಾಸನ-ಮಂಗಳೂರು ಮೀಟರ್‌ಗೇಜ್ ರೈಲು ಓಡಿದ್ದು 1979ರಲ್ಲಿ, ಗ್ರೀನ್ ಬಂದು 136 ವರ್ಷ ಆದ ಮೇಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ನಡುವಿನ ಎಡಕುಮೇರಿ ನಿಲ್ದಾಣಕ್ಕೆ ಇವತ್ತಿಗೂ ಸರಿಯಾದ ವಾಹನ ರಸ್ತೆ ಇಲ್ಲ, ಅಲ್ಲಿ ಕೆಲಸ ಮಾಡುವ ರೈಲ್ವೆ ಸಿಬ್ಬಂದಿಗೆ ರೈಲೇ ದಾರಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಗುಡ್ಡ ಜರಿದಾಗ ಸುಮಾರು ಎರಡು ವಾರ ಪ್ರಯಾಣಿಕರ ರೈಲು ನಿಂತಿತ್ತು. ಯಂತ್ರ, ಜೆಸಿಬಿ ಇರೋ ಕಾಲದಲ್ಲೇ ಹೀಗೆ. 1850ರ ದಶಕದ ಖರ್ಚು ಊಹಿಸಿಕೊಳ್ಳಬಹುದು.

ಮುಳುಗಿಸಿದ್ದು ಯಾವುದು?

ಮೂರು ಹೊಡೆತಗಳು. ಮೊದಲನೆಯದು ಬೋರರ್, ಅಂದ್ರೆ ಕಾಂಡ ಕೊರಕ. 1860ರ ದಶಕದ ನಡುವಿನಿಂದ ಅದು ಮೈಸೂರು, ಕೊಡಗಿನ ತೋಟಗಳನ್ನು ಒಣಗಿಸುತ್ತಾ ಹೋಯಿತು. ಮದ್ರಾಸ್ ಸರ್ಕಾರ ತನಿಖೆಗೆ ನೇಮಿಸಿದ ಜಾರ್ಜ್ ಬೀಡಿಯ ವರದಿ 1869ರಲ್ಲಿ ಬಂತು. ನೆರಳು ಕಡಿದು ಬಿಸಿಲಿಗೆ ಬಿಟ್ಟ ತೋಟದಲ್ಲೇ ಕೊರಕದ ಕಾಟ ಹೆಚ್ಚು ಅನ್ನೋದು ಆಗ ಕಲಿತ ಪಾಠ. ಎರಡನೆಯದು ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಅದು ಸ್ವಲ್ಪದರಲ್ಲೇ ದಕ್ಷಿಣ ಭಾರತಕ್ಕೂ ಬಂತು. ಹಳೆಯ ‘ಚಿಕ್’ ತಳಿ ಹಾಳಾಗಿ, ಅದರ ಜಾಗಕ್ಕೆ ‘ಕೂರ್ಗ್’ ತಳಿ ಬಂದದ್ದು ಈ ಸಮಯದಲ್ಲಿ. ಮೂರನೆಯದು ಬೆಲೆ. 1890ರ ದಶಕದ ಕೊನೆಗೆ ಬ್ರೆಜಿಲ್‌ನ ಕಾಫಿ ಜಗತ್ತಿನ ಮಾರುಕಟ್ಟೆಯಲ್ಲಿ ಪ್ರವಾಹದಂತೆ ಸುರಿದು ಬೆಲೆ ನೆಲಕಚ್ಚಿತು.

ಪ್ರತಿ ಹೊಡೆತಕ್ಕೂ ಒಂದಷ್ಟು ಪ್ಲಾಂಟರುಗಳು ಸೋತರು. ತೋಟ ಮಾರಿದರು, ಇಲ್ಲ ಬಿಟ್ಟು ಹೋದರು. ಅವರ ಕಷ್ಟ ಸುಳ್ಳಲ್ಲ.

ಹಾಗಾದರೆ ಉಳಿದವರು ಹೇಗೆ ಉಳಿದರು?

ಒಳ್ಳೆಯ ಬೇಸಾಯ, ಹಟ, ಅದೃಷ್ಟ ಎಲ್ಲವೂ ಇತ್ತು. ಆದರೆ ನಾಲ್ಕು ಆಸರೆಗಳನ್ನು ಮರೆತು ಈ ಕಥೆ ಹೇಳೋಕಾಗಲ್ಲ.

ಒಂದು, ನೆಲ. ವಲಸೆ ಬಂದವನ ಹೆಸರಿಗೆ ಸರ್ಕಾರ ಕಾಡು ಬರೆದುಕೊಟ್ಟಿತು. ‘ಎಡಕುಮೇರಿ’ ಹೆಸರಲ್ಲಿ ಕೇಳಿಸುವ ಕುಮೇರಿ ಪದವನ್ನೇ ತಗೊಳ್ಳಿ. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಧಾನ್ಯ ಬಿತ್ತಿ ಒಂದೆರಡು ವರ್ಷಕ್ಕೆ ಜಾಗ ಬದಲಿಸುವ ಬೇಸಾಯಕ್ಕೆ ಕುಮೇರಿ ಅಂತಾರೆ. ಘಟ್ಟದ ಕೆಳಗಿನ ಕೆನರಾದಲ್ಲಿ ಕಾಡು ಹಾಳಾಗುತ್ತೆ ಅಂತ 1860ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಅದೇ ಕಾಲಕ್ಕೆ ಘಟ್ಟದ ಮೇಲೆ ಕಾಫಿಗಾಗಿ ಕಾಡು ಕಡಿದು ಸುಡುವುದು ಅಭಿವೃದ್ಧಿ ಅನಿಸಿಕೊಂಡಿತು.

ಎರಡು, ಕಾನೂನು. ಮುಂಗಡ ಪಡೆದ ಕೂಲಿಯಾಳು ಕೆಲಸಕ್ಕೆ ಬಾರದಿದ್ದರೆ 1859ರ ಕರಾರು ಉಲ್ಲಂಘನೆ ಕಾಯಿದೆಯಡಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದಿತ್ತು. ಆದೇಶ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಜೈಲು. ದಕ್ಷಿಣ ಭಾರತದ ಪ್ಲಾಂಟರುಗಳಿಗೆ ಇದು ದೊಡ್ಡ ಅಸ್ತ್ರವಾಗಿತ್ತು. ಅದು ರದ್ದಾಗೋಕೆ 1920ರ ದಶಕ ಬರಬೇಕಾಯಿತು. ಪ್ಲಾಂಟರ್ ಬ್ಯಾಂಕಿನ ಸಾಲ ಕಟ್ಟದಿದ್ದರೆ ತೋಟ ಹೋಗುತ್ತಿತ್ತು. ಆಳು ಮುಂಗಡ ತೀರಿಸದಿದ್ದರೆ ಅವನೇ ಹೋಗುತ್ತಿದ್ದ.

ಮೂರು, ಸಂಘಟನೆ. ಪ್ಲಾಂಟರುಗಳ ಸಂಘಗಳು ಬೇಗ ಹುಟ್ಟಿಕೊಂಡವು. ಅವೆಲ್ಲ ಸೇರಿ 1893ರಲ್ಲಿ ಉಪಾಸಿ ಆಯಿತು. ಬೆಲೆ ಬಿದ್ದಾಗ, ಆಳು ಸಿಗದಾಗ, ತೆರಿಗೆ ಹೆಚ್ಚಾದಾಗ ಸರ್ಕಾರದ ಬಾಗಿಲು ತಟ್ಟೋಕೆ ಒಂದು ಗಟ್ಟಿ ದನಿ ಸಿಕ್ಕಿತು. 1942ರ ಕಾಫಿ ಕಾಯಿದೆ, ಕಾಫಿ ಬೋರ್ಡ್ ಬರುವ ಹೊತ್ತಿಗೆ ಬೆಳೆಗಾರನ ನಷ್ಟ ದೇಶದ ಸಮಸ್ಯೆ ಆಗಿತ್ತು.

ನಾಲ್ಕು, ವಾಪಸ್ ದಾರಿ. ಎಲಿಯಟ್‌ಗೆ ಸ್ಕಾಟ್ಲೆಂಡಿನಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಜಮೀನಿತ್ತು. ಅಲ್ಲಿ ಅವನು ಮಾಡಿದ ಹುಲ್ಲುಗಾವಲು ಬೇಸಾಯದ ಪ್ರಯೋಗಗಳು ಇಂಗ್ಲೆಂಡಿನ ಕೃಷಿ ವಲಯದಲ್ಲಿ ಇಂದಿಗೂ ಹೆಸರುವಾಸಿ. ಸೋತರೆ ಹೋಗೋಕೆ ಮನೆ ಇದ್ದವನ ವಲಸೆಯೇ ಬೇರೆ.

ಅದೇ ತೋಟದ ಇನ್ನೊಬ್ಬ ವಲಸಿಗ

ಕೂಲಿಗೆ ಬಂದವರಲ್ಲಿ ಘಟ್ಟದ ಕೆಳಗಿನ ದಕ್ಷಿಣ ಕನ್ನಡದವರು ಬಹಳ. ಗದ್ದೆ ಕೆಲಸ ಮುಗಿದ ಮೇಲೆ ಘಟ್ಟ ಹತ್ತಿ, ಮಳೆಗೆ ಮುಂಚೆ ಇಳೀತಿದ್ದರು. ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಇದು ಗೊತ್ತು. ಚೋಮನ ಸಾಲ ತೀರಿಸೋಕೆ ಮಕ್ಕಳು ಹೋಗುವುದು ಕಾಫಿ ತೋಟಕ್ಕೇ.

ಅವರಿಗೆ ಸಿಕ್ಕಿದ್ದು ಲೈನ್ ಮನೆ. ಒಂದಕ್ಕೊಂದು ಅಂಟಿದ ಕೋಣೆಗಳ ಸಾಲು, ಒಂದು ಕುಟುಂಬಕ್ಕೆ ಒಂದು ಕೋಣೆ, ಮುಂದೆ ಸಣ್ಣ ಜಗಲಿ. ಬಾಡಿಗೆಯ ಕಷ್ಟ ಇರಲಿಲ್ಲ, ನಿಜ. ಆದರೆ ಆ ಮನೆ ಕೆಲಸಕ್ಕೆ ಕಟ್ಟಿದ ಹಗ್ಗ. ಕೆಲಸ ಬಿಟ್ಟರೆ ಸೂರು ಇಲ್ಲ. ವಯಸ್ಸಾದರೆ, ಮಾಲೀಕ ಬದಲಾದರೆ, ಜಗಳ ಆದರೆ ಪಾತ್ರೆ ಪಗಡಿ ಹೊರಗೆ. ಮೂರು ತಲೆಮಾರು ದುಡಿದರೂ ಹೆಸರಿಗೆ ಒಂದು ಗುಂಟೆ ಇಲ್ಲ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಗುಡಿಸಲು ಕೆಡವಿಸಿಕೊಂಡ ಆದಿವಾಸಿಗಳಲ್ಲಿ ಎಷ್ಟೋ ಮಂದಿ ಇಂಥ ಲೈನ್ ಮನೆ ಬಿಟ್ಟು ಬಂದವರೇ.

ಎಡಕುಮೇರಿಯಿಂದ ಘಟ್ಟ ಇಳಿದರೆ ಸುಳ್ಯ, ಪುತ್ತೂರು ಕಡೆ ಇನ್ನೊಂದು ಉದಾಹರಣೆ ಸಿಗುತ್ತೆ. ಬ್ರಿಟಿಷ್ ಪ್ಲಾಂಟರುಗಳು ತಮಿಳುನಾಡಿನಿಂದ ಸಿಲೋನಿನ ತೋಟಗಳಿಗೆ ಒಯ್ದ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ 5.25 ಲಕ್ಷ ಜನರನ್ನು ಭಾರತಕ್ಕೆ ಕರೆಸಿಕೊಳ್ಳುವುದು ಅಂತ ತೀರ್ಮಾನವಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ಕ್ವಾರ್ಟರ್ಸ್ ಕೊಟ್ಟರು. ಇಲ್ಲೂ ಅದೇ ಕಟ್ಟು: ಮನೆ ನಿಗಮದ್ದು, ಕೆಲಸ ಇರುವವರೆಗೆ.

ಇವತ್ತು ಏನಾಗಿದೆ?

1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ತೋಟದಲ್ಲಿ ವಾಸಿಸುವ ಕಾರ್ಮಿಕರಿಗೆ, ಅವರ ಕುಟುಂಬಕ್ಕೆ ಮನೆ ಕೊಡೋದು ಮಾಲೀಕನ ಹೊಣೆ ಅಂತ ಮಾಡಿತು. ದೊಡ್ಡ ಹೆಜ್ಜೆ. ಆದರೆ ಅದು ಅನ್ವಯವಾಗುತ್ತಿದ್ದದ್ದು 5 ಹೆಕ್ಟೇರ್ ಮತ್ತು ಮೇಲಿನ, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಂದ್ರೆ ಎಷ್ಟೋ ತೋಟ ಕಾನೂನಿನ ಬೇಲಿಯ ಹೊರಗೇ ಉಳಿದವು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1951ರ ಕಾಯಿದೆಯೂ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯೂ ಅದರೊಳಗೆ ಸೇರಿಹೋಗಿವೆ. ಗುತ್ತಿಗೆದಾರನಿಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕ ಅಂತ ಒಪ್ಪಿಕೊಂಡಿರೋದು, ಊರಿಗೆ ಹೋಗಿ ಬರುವ ಖರ್ಚು, ದುಡಿಯುವ ಕಡೆಯೇ ರೇಷನ್ ಪಡೆಯುವ ಅವಕಾಶ ಒಳ್ಳೆಯದೇ. ಆದರೆ ವಲಸೆ ಕಾರ್ಮಿಕರ ಭಾಗ ಅನ್ವಯವಾಗೋದು ಅಂಥವರು 10 ಜನ ಇರುವ ಕಡೆ ಮಾತ್ರ. ಐದಾರು ಜನ ಇಟ್ಟುಕೊಂಡ ತೋಟಕ್ಕೆ ಅಲ್ಲ.

ಈಗ ಸಕಲೇಶಪುರ, ಆಲೂರಿನ ತೋಟಗಳಲ್ಲಿ ಕಾಫಿ ಕುಯ್ಯುವ ಕೈಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದವು ಬಹಳ. ಭಾಷೆ ಬಾರದು, ಸಂಘ ಇಲ್ಲ, ಓಟು ಇಲ್ಲಿಲ್ಲ. ಕಾಫಿ ಬೆಲೆ 2024-25ರಲ್ಲಿ ದಾಖಲೆ ಮುಟ್ಟಿತು. ಲೈನ್ ಮನೆಯ ಸೂರು, ಶೌಚಾಲಯ, ಕುಡಿಯುವ ನೀರು ಅದರ ಜೊತೆಗೆ ಮೇಲೇರಿತಾ ಅನ್ನೋದನ್ನು ತೋಟ ತೋಟಕ್ಕೆ ಹೋಗಿ ನೋಡುವ ವ್ಯವಸ್ಥೆ ಬೇಕು.

ಸಣ್ಣ ಬೆಳೆಗಾರನಿಗೂ ಕಷ್ಟ ಇದೆ. ಆನೆ ಕಾಟ, ಅಕಾಲಿಕ ಮಳೆ, ಗೊಬ್ಬರದ ಬೆಲೆ. ನಾಲ್ಕು ಎಕರೆಯವನು ಮನೆ ಕಟ್ಟಿಕೊಡಲಿ ಅನ್ನೋದು ಸುಲಭ, ಕಟ್ಟೋದು ಕಷ್ಟ. ಹಾಗಾಗಿಯೇ ಹೊಣೆ ಅವನೊಬ್ಬನ ಮೇಲೆ ಬೀಳಬಾರದು. ಗ್ರಾಮ ಪಂಚಾಯಿತಿ ಜಾಗದಲ್ಲಿ, ಯಾವ ತೋಟಕ್ಕೂ ಕಟ್ಟುಬೀಳದ ಕಾರ್ಮಿಕರ ವಸತಿ. ತಲೆಮಾರುಗಳಿಂದ ಇಲ್ಲೇ ಇರುವ ಲೈನ್ ಮನೆಯವರಿಗೆ ಹಕ್ಕುಪತ್ರದ ಜೊತೆ ನಿವೇಶನ. ಇವೆರಡನ್ನು ತಾಲ್ಲೂಕು ಮಟ್ಟದಲ್ಲೇ ಶುರು ಮಾಡಬಹುದು. 1843ರಲ್ಲಿ ಹಡಗಿನಿಂದ ಇಳಿದ ಅಪರಿಚಿತನೊಬ್ಬನಿಗೆ ಬರೆದುಕೊಡೋಕೆ ಈ ಗುಡ್ಡದಲ್ಲಿ ನೆಲ ಸಿಕ್ಕಿತ್ತು. ಇಲ್ಲೇ ಹುಟ್ಟಿ ಇಲ್ಲೇ ಕಾಫಿ ಕುಯ್ದು ಮುದುಕಿಯಾದವಳಿಗೆ ಒಂದು ನಿವೇಶನದಷ್ಟು ನೆಲ ಇಲ್ಲ ಅಂದರೆ ನಂಬೋದು ಕಷ್ಟ.