ಹ್ಯಾಮ್ಲೆಟನ ಬಿಟ್ಟುಹೋದ ಸ್ವಗತ

ದುರಂತನಾಯಕನ ಅಂತರಂಗವನ್ನು ಸ್ವಗತ ತೆರೆದು ತೋರುತ್ತದೆ ಎನ್ನುವವರು ಹ್ಯಾಮ್ಲೆಟನ ನಾಲ್ಕನೆಯ ಅಂಕವನ್ನು ನೋಡಬೇಕು. ಇಂಗ್ಲೆಂಡಿಗೆ ಹೊರಟ ರಾಜಕುಮಾರನು, ಅಂಗೈಯಗಲದ ನೆಲಕ್ಕಾಗಿ ಸಾಯಹೊರಟ ಫೋರ್ಟಿನ್‌ಬ್ರಾಸನ ಸೈನ್ಯವನ್ನು ಕಂಡು, ಕೊಲೆಯಾದ ತಂದೆಯ ಮಗನಾಗಿಯೂ ಸುಮ್ಮನಿರುವ ತನ್ನನ್ನೇ ಹಳಿದುಕೊಳ್ಳುತ್ತಾನೆ. 1604–05ರ ಕ್ವಾರ್ಟೋ ಮುದ್ರಣದಲ್ಲಿರುವ ಈ ಸ್ವಗತವು 1623ರ ಫೋಲಿಯೋದಲ್ಲಿಲ್ಲ. ಕತ್ತರಿಸಿದವನು ಷೇಕ್ಸ್‌ಪಿಯರನೋ, ನಾಟಕ ಮಂಡಳಿಯವರೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಿಟ್ಟರೆ ಕಥೆಗೆ ಕುಂದಿಲ್ಲ; ಆಟವೂ ಬೇಗ ಮುಗಿದೀತು. (ಈ ಕಥೆಯನ್ನು ನಮ್ಮವರು ಕುವೆಂಪು ಅವರ ‘ರಕ್ತಾಕ್ಷಿ’ಯಿಂದ ಬಲ್ಲರು.) ನಾನಂತೂ ಅದನ್ನು ಬಿಡಲಾರೆ. ಕಾರಣ, ಬಲ, ಸಾಧನ ಎಲ್ಲವೂ ಇದ್ದು ಕೈಯೇಳದಿರುವ ಸಂಕಟವನ್ನು ಅವನು ಒಪ್ಪಿಕೊಳ್ಳುವುದು ಇಲ್ಲಿ. ಕಡೆಗೆ ಅವನ ಶಪಥವೂ ತನ್ನ ಯೋಚನೆಗಳು ರಕ್ತಮಯವಾಗಲೆಂಬಷ್ಟೇ. ಕತ್ತಿಯ ಮಾತು ಆಗಲೂ ಬರುವುದಿಲ್ಲ.